ಮೈಸೂರಿನಿಂದಲೇ ಟೆಕ್ಸಸ್ ಮನೆಯ ಕ್ರಯಪತ್ರಕ್ಕೆ ಸಹಿ ಹಾಕಬಹುದೇ? ಆನ್‌ಲೈನ್ ನೋಟರಿ ಕುರಿತ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ಡಲ್ಲಾಸ್ ಹತ್ತಿರ ನಾವು ವಾಸವಿರುವ ಮನೆ ನಮ್ಮಿಬ್ಬರ, ಅಂದರೆ ನನ್ನ ಮತ್ತು ನನ್ನ ಪತ್ನಿಯ, ಹೆಸರಿನಲ್ಲಿದೆ. ತಂದೆಯವರ ಶಸ್ತ್ರಚಿಕಿತ್ಸೆಗೆಂದು ಮೈಸೂರಿಗೆ ಬಂದಿರುವ ನಾನು ಇನ್ನೂ ಎರಡು ತಿಂಗಳು ಇಲ್ಲಿಯೇ ಇರಬೇಕಾಗಿದೆ. ಈ ನಡುವೆ ಮನೆಗೆ ಗಿರಾಕಿ ಸಿಕ್ಕಿದ್ದು, ಮುಂದಿನ ತಿಂಗಳೇ ಕ್ಲೋಸಿಂಗ್, ಅಂದರೆ ಸಹಿ ಹಾಕಿ ವ್ಯವಹಾರ ಮುಗಿಸುವ ದಿನ, ಇದೆ. ಪತ್ನಿ ಅಲ್ಲಿಯೇ ಇದ್ದಾರೆ. ನಮ್ಮ ಏಜೆಂಟರು "ಆನ್‌ಲೈನ್ ನೋಟರಿ ಮಾಡಿಸಿದರಾಯಿತು, ಹತ್ತು ನಿಮಿಷದ ಕೆಲಸ" ಎನ್ನುತ್ತಾರೆ. ಭಾರತದಲ್ಲಿ ಕುಳಿತು ಹಾಕಿದ ಸಹಿ ಟೆಕ್ಸಸ್‌ನಲ್ಲಿ ಊರ್ಜಿತವಾಗುತ್ತದೆಯೇ? ಏನೇನು ಸಿದ್ಧ ಮಾಡಿಕೊಳ್ಳಬೇಕು?

ಉತ್ತರ (ಟೆಕ್ಸಸ್‌ನಲ್ಲಿ ಎಸ್ಕ್ರೋ ಅಧಿಕಾರಿ, ಅಂದರೆ ಕ್ಲೋಸಿಂಗ್‌ನ ಹಣ ಮತ್ತು ಕಾಗದಪತ್ರ ನಿರ್ವಹಿಸುವವರು, ಹಾಗೂ ಆನ್‌ಲೈನ್ ನೋಟರಿ): ಊರ್ಜಿತವಾಗುತ್ತದೆ. ಆದರೆ ಹತ್ತು ನಿಮಿಷದ ಕೆಲಸ ಎಂಬ ಮಾತನ್ನು ಏಜೆಂಟರಿಗೇ ಬಿಟ್ಟುಬಿಡಿ. ನೋಟರಿ ವಿಡಿಯೋ ಮೂಲಕವೇ ನಿಮ್ಮ ಗುರುತು ನೋಡಿ ಸಹಿಯನ್ನು ದೃಢೀಕರಿಸಲು ಅವಕಾಶ ಕೊಡುವ ಕಾಯ್ದೆಯನ್ನು ಟೆಕ್ಸಸ್ ಶಾಸನಸಭೆ 2017ರಲ್ಲಿ ಅಂಗೀಕರಿಸಿತು, 2018ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ಸಹಿ ಹಾಕುವವರು ಎಲ್ಲಿದ್ದಾರೆ ಎಂಬುದು ಮುಖ್ಯವಲ್ಲ. ನೋಟರಿ ಆ ಕ್ಷಣದಲ್ಲಿ ಟೆಕ್ಸಸ್‌ನ ಗಡಿಯೊಳಗೆ ಇರಬೇಕು ಮತ್ತು ಸಾಮಾನ್ಯ ನೋಟರಿ ನೇಮಕಾತಿಯ ಮೇಲೆ ಆನ್‌ಲೈನ್ ನೋಟರಿಯ ಪ್ರತ್ಯೇಕ ನೇಮಕಾತಿಯನ್ನೂ ಪಡೆದಿರಬೇಕು. ವಾಟ್ಸಾಪ್ ವಿಡಿಯೋ ಕರೆಯಲ್ಲಿ ಕಾಗದ ತೋರಿಸಿ ಮುದ್ರೆ ಒತ್ತಿಸಿಕೊಳ್ಳುವುದು ಆನ್‌ಲೈನ್ ನೋಟರಿ ಅಲ್ಲ.

ಕಾನೂನು ಒಪ್ಪಿದ ಮಾತ್ರಕ್ಕೆ ಕ್ಲೋಸಿಂಗ್ ಆಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನ ಜನ ಎಡವುವುದು ಇಲ್ಲಿಯೇ. ಹಕ್ಕಿಗೆ ವಿಮೆ ನೀಡುವ ಟೈಟಲ್ ವಿಮಾ ಕಂಪನಿ ಒಪ್ಪಬೇಕು, ಕೊಳ್ಳುವವರು ಸಾಲ ಮಾಡುತ್ತಿದ್ದರೆ ಅವರ ಬ್ಯಾಂಕ್ ಒಪ್ಪಬೇಕು, ಪತ್ರವನ್ನು ದಾಖಲಿಸುವ ಕೌಂಟಿ ಕ್ಲರ್ಕ್ ಕಚೇರಿ ಸ್ವೀಕರಿಸಬೇಕು. ಮಾರುವವನು ಹೊರದೇಶದಲ್ಲಿದ್ದಾನೆ ಎಂದೊಡನೆ ಕೆಲವು ವಿಮಾ ಕಂಪನಿಗಳು ಹೆಚ್ಚಿನ ಪರಿಶೀಲನೆ ಕೇಳುತ್ತವೆ. ಮಾಲೀಕರ ವೇಷ ಹಾಕಿ ಖಾಲಿ ನಿವೇಶನಗಳನ್ನು ಮಾರಿದ ವಂಚನೆಗಳು ನಡೆದಿರುವುದರಿಂದ ಅವರನ್ನು ದೂರಲಾಗದು. ಆದ್ದರಿಂದ ನೀವು ಭಾರತದಿಂದ ಸಹಿ ಹಾಕುವಿರೆಂದು ಇಂದೇ ನಿಮ್ಮ ಕ್ಲೋಸಿಂಗ್ ನಡೆಸಿಕೊಡುವ ಟೈಟಲ್ ಕಂಪನಿಗೆ ಇಮೇಲ್ ಬರೆದು, ಲಿಖಿತ ಒಪ್ಪಿಗೆ ತರಿಸಿಕೊಂಡ ಮೇಲಷ್ಟೇ ದಿನಾಂಕ ಗೊತ್ತುಮಾಡಿ.

ಇನ್ನು ಗುರುತಿನ ಪರೀಕ್ಷೆಯಲ್ಲಿ ಎರಡು ಹಂತಗಳಿವೆ. ಮೊದಲನೆಯದರಲ್ಲಿ ನಿಮ್ಮ ಫೋಟೋ ಮತ್ತು ಸಹಿ ಇರುವ, ಅವಧಿ ಮುಗಿಯದ ಪಾಸ್‌ಪೋರ್ಟ್ ಅಥವಾ ಡ್ರೈವಿಂಗ್ ಲೈಸೆನ್ಸನ್ನು ಕ್ಯಾಮೆರಾದ ಮುಂದೆ ಹಿಡಿಯಬೇಕು, ಅದು ಅಸಲಿಯೇ ಎಂಬುದನ್ನು ತಂತ್ರಾಂಶ ಪರಿಶೀಲಿಸುತ್ತದೆ. ಎರಡನೆಯದು ನಿಮ್ಮ ಅಮೆರಿಕದ ಜೀವನದ ಮೇಲಿನ ರಸಪ್ರಶ್ನೆ ಎನ್ನಬಹುದು: ಕನಿಷ್ಠ ಐದು ಪ್ರಶ್ನೆಗಳು, ಎರಡು ನಿಮಿಷದ ಗಡುವು, ಶೇ. 80ರಷ್ಟು ಉತ್ತರ ಸರಿಯಿರಬೇಕು. ಸಾಲದ ದಾಖಲೆ ಮತ್ತು ಸಾರ್ವಜನಿಕ ದಾಖಲೆಗಳಿಂದ ಹೆಕ್ಕಿದ ಈ ಪ್ರಶ್ನೆಗಳು "ಈ ಐದು ಬೀದಿಗಳಲ್ಲಿ ನೀವು ಹಿಂದೆ ವಾಸವಿದ್ದದ್ದು ಯಾವುದರಲ್ಲಿ?" ಎಂಬ ಬಗೆಯವು. ಹತ್ತು ವರ್ಷದ ಹಿಂದೆ ಆರು ತಿಂಗಳು ಬಾಡಿಗೆಗಿದ್ದ ಅಪಾರ್ಟ್‌ಮೆಂಟಿನ ಬೀದಿಯ ಹೆಸರು ಯಾರಿಗೆ ತಾನೇ ನೆನಪಿರುತ್ತದೆ? ಹಳೆಯ ವಿಳಾಸಗಳು, ಕಾರಿನ ಸಾಲ ಕೊಟ್ಟ ಬ್ಯಾಂಕು, ಮನೆ ಸಾಲ ಆರಂಭವಾದ ವರ್ಷ, ಇಷ್ಟನ್ನು ಹಿಂದಿನ ರಾತ್ರಿಯೇ ಮೆಲುಕು ಹಾಕಿಕೊಂಡಿರಿ. ಮೊದಲ ಸಲ ತಪ್ಪಿದರೆ ಇನ್ನೊಂದು ಅವಕಾಶವುಂಟು. ಅಲ್ಲೂ ತಪ್ಪಿದರೆ ಅದೇ ನೋಟರಿಯೊಂದಿಗೆ ಆ ದಿನದ ಕೆಲಸ ಮುಗಿದಂತೆ.

ನಮ್ಮವರಿಗೆ ಮಾತ್ರ ಬರುವ ಇನ್ನೊಂದು ತೊಡಕು ಹೆಸರಿನದು. ತಂದೆಯ ಹೆಸರು, ಊರಿನ ಹೆಸರು ಎರಡೂ ಇನಿಷಿಯಲ್ಲಾಗಿದ್ದವು ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡು, ಲೈಸೆನ್ಸಿನಲ್ಲಿ ಅರ್ಧಕ್ಕೆ ತುಂಡಾಗಿ, ಮನೆ ಕೊಂಡಾಗಿನ ಪತ್ರದಲ್ಲಿ ಹಿಂದುಮುಂದಾಗಿ ಕುಳಿತಿರುತ್ತವೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದ ಕಾರಣಕ್ಕೆ ಲೈಸೆನ್ಸಿನಲ್ಲಿ "ಎಫ್‌ಎನ್‌ಯು" ಎಂದು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು, ಅಚ್ಚಾಗಿದ್ದವರ ಕ್ಲೋಸಿಂಗನ್ನೂ ನಾನು ನಡೆಸಿದ್ದೇನೆ. ಮೂರೂ ದಾಖಲೆಗಳ ಪ್ರತಿಯನ್ನು ಒಟ್ಟಿಗೆ ಕಳುಹಿಸಿದರೆ, ಇವರೆಲ್ಲರೂ ಒಬ್ಬರೇ ಎಂಬ ಅಫಿಡವಿಟ್ಟನ್ನು ಟೈಟಲ್ ಕಂಪನಿಯೇ ಮೊದಲು ಸಿದ್ಧಪಡಿಸಿಡುತ್ತದೆ.

ಸಹಿಯ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಕುಳಿತುಕೊಳ್ಳಿ. ಒಮ್ಮೆ ಒಬ್ಬ ಹಿರಿಯರು ಸಹಿ ಹಾಕುತ್ತಿದ್ದಾಗ ಪರದೆಯಾಚೆಯಿಂದ "ಅಪ್ಪಾ, ಅಲ್ಲಲ್ಲ, ಕೆಳಗಿನದು ಒತ್ತಿ" ಎಂಬ ದನಿ ಕೇಳಿಸಿತು. ಮಗ ನೆರವಾಗುತ್ತಿದ್ದುದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಆದರೆ ಸಹಿ ಸ್ವಂತ ಇಚ್ಛೆಯದೇ ಎಂಬುದಕ್ಕೆ ನಾನು ಹೊಣೆಗಾರಳಾದ್ದರಿಂದ ಅಲ್ಲಿಗೇ ನಿಲ್ಲಿಸಿ, ಬೇರೊಂದು ದಿನ ಮೊದಲಿನಿಂದ ನಡೆಸಬೇಕಾಯಿತು. ಇಡೀ ಮಾತುಕತೆ ದೃಶ್ಯ-ಧ್ವನಿ ಸಮೇತ ದಾಖಲಾಗುತ್ತದೆ, ಅದನ್ನು ಟೆಕ್ಸಸ್‌ನಲ್ಲಿ ಹಲವು ವರ್ಷ ಕಾಪಿಡಬೇಕು. ಕರೆಂಟು ಹೋಗಿ ನಡುವೆ ನೀವು ಹೊರಬಿದ್ದರೆ ಗುರುತಿನ ಪರೀಕ್ಷೆಯೂ ಮೊದಲಿನಿಂದಲೇ ಆಗಬೇಕಾದ್ದರಿಂದ ಯುಪಿಎಸ್ ಇರುವ ಕೋಣೆಯನ್ನೇ ಆರಿಸಿಕೊಳ್ಳಿ. ಅಮೆರಿಕದಲ್ಲಿ ಒಂದು ಗಂಟೆ ಮುಂದಿಡುವ ಬೇಸಿಗೆಯ ಗಡಿಯಾರದಂತೆ ಡಲ್ಲಾಸ್‌ನ ಬೆಳಿಗ್ಗೆ 9 ಗಂಟೆಯೆಂದರೆ ಮೈಸೂರಿನಲ್ಲಿ ಸಂಜೆ 7.30.

ನಿಮ್ಮ ಪತ್ನಿ ಟೈಟಲ್ ಕಂಪನಿಯ ಕಚೇರಿಗೇ ಹೋಗಿ ಸಹಿ ಹಾಕಬಹುದು. ವಾಸದ ಮನೆಯಾದ್ದರಿಂದ ಇಬ್ಬರ ಸಹಿಯೂ ಬೇಕೇ ಬೇಕು. ನೋಟರಿಯ ಪ್ರಮಾಣ ಬರಹದಲ್ಲಿ ಇದು ಆನ್‌ಲೈನ್ ನೋಟರೀಕರಣ ಎಂಬ ಉಲ್ಲೇಖ ಇರಲೇಬೇಕು, ಪ್ರತಿ ಕೈಸೇರಿದೊಡನೆ ಅದನ್ನು ನೋಡಿಕೊಳ್ಳಿ. ಆನ್‌ಲೈನ್ ನೋಟರಿ ಶುಲ್ಕವೆಂದು ಕಾಯ್ದೆ ಅನುಮತಿಸುವ ಗರಿಷ್ಠ ಮೊತ್ತ ಒಂದು ನೋಟರೀಕರಣಕ್ಕೆ 25 ಡಾಲರ್. ಸಾಮಾನ್ಯ ನೋಟರಿ ಶುಲ್ಕ ಅದರ ಮೇಲೆ ಬೇರೆ.

ಮರುಪ್ರಶ್ನೆ: ಆ ಪ್ರಶ್ನೆಗಳಲ್ಲಿ ನಾನು ಎರಡು ಸಲವೂ ಎಡವಿದರೆ? ಅಥವಾ ವಿಮಾ ಕಂಪನಿ ಒಪ್ಪದಿದ್ದರೆ?

ಉತ್ತರ: ಕಾಗದದ ದಾರಿ ಇದ್ದೇ ಇದೆ. ಅಮೆರಿಕದ ಕಾನ್ಸುಲೇಟಿನಲ್ಲಿ ಅಪಾಯಿಂಟ್‌ಮೆಂಟ್ ಪಡೆದು ಅಧಿಕಾರಿಯ ಮುಂದೆ ಸಹಿ ಹಾಕಬಹುದು. ಒಂದೊಂದು ಮುದ್ರೆಗೂ 50 ಡಾಲರ್. ಇಲ್ಲವೇ ಭಾರತದ ನೋಟರಿಯ ಮುಂದೆ ಸಹಿ ಹಾಕಿ, ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ (ಹೊರದೇಶಗಳಲ್ಲಿ ಮಾನ್ಯವಾಗುವ ದೃಢೀಕರಣ) ಮಾಡಿಸಿ ಕೊರಿಯರ್‌ನಲ್ಲಿ ಕಳುಹಿಸಬಹುದು. ಎರಡಕ್ಕೂ ದಿನಗಳು ಹಿಡಿಯುತ್ತವೆ. ನನ್ನನ್ನು ಕೇಳಿದರೆ, ಈ ಕ್ರಯಕ್ಕಷ್ಟೇ ಸೀಮಿತವಾದ ಅಧಿಕಾರ ಪತ್ರವನ್ನು ಪತ್ನಿಯ ಹೆಸರಿಗೆ ಈ ವಾರವೇ ಮಾಡಿಸಿ, ಅದರ ಒಕ್ಕಣೆಯನ್ನು ಟೈಟಲ್ ಕಂಪನಿಯಿಂದಲೇ ಪಡೆದು, ಕೈಯಲ್ಲಿಟ್ಟುಕೊಳ್ಳಿ. ಆನ್‌ಲೈನ್ ಕೈಕೊಟ್ಟರೆ ಅದು ಆಸರೆಗೆ ಬರುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮದೂ ಟೆಕ್ಸಸ್ ಮನೆಯೇ, ಆದರೆ ಮಾರಾಟವಲ್ಲ. ಮನೆಯ ಮೇಲಿನ ಸ್ವಂತ ಪಾಲನ್ನು ಅಡವಿಟ್ಟು ಹೋಮ್ ಇಕ್ವಿಟಿ ಸಾಲ ಪಡೆಯಬೇಕೆಂದಿದ್ದೇವೆ. ಹುಬ್ಬಳ್ಳಿಯಿಂದಲೇ ಆನ್‌ಲೈನಿನಲ್ಲಿ ಮುಗಿಸಬಹುದೇ?

ಉತ್ತರ: ಆಗುವುದಿಲ್ಲ. ಇದು ನೋಟರಿ ಕಾಯ್ದೆಯ ಮಾತಲ್ಲ, ಟೆಕ್ಸಸ್ ಸಂವಿಧಾನದ್ದೇ ಕಟ್ಟಳೆ: ಇಂಥ ಸಾಲದ ಕ್ಲೋಸಿಂಗ್ ಸಾಲ ಕೊಡುವವರ, ವಕೀಲರ ಅಥವಾ ಟೈಟಲ್ ಕಂಪನಿಯ ಕಚೇರಿಯಲ್ಲೇ ನಡೆಯಬೇಕು. ಊರಿಗೆ ಮರಳಿದ ಮೇಲೆ ಮಾಡಿಸಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಇದರ ತಿರುಗುಮುರುಗು ಕೇಳುತ್ತೇನೆ. ನಾನು ಹ್ಯೂಸ್ಟನ್‌ನಲ್ಲಿದ್ದೇನೆ. ಮೈಸೂರಿನ ಸೈಟು ಮಾರಲು ತಮ್ಮನಿಗೆ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಕೊಡಬೇಕು. ಅದನ್ನೂ ಇದೇ ಆನ್‌ಲೈನ್ ನೋಟರಿಯಲ್ಲಿ ಮಾಡಿ ಪಿಡಿಎಫ್ ಕಳುಹಿಸಿದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯುತ್ತದೆಯೇ?

ಉತ್ತರ: ದಯವಿಟ್ಟು ಆ ಕೆಲಸಕ್ಕೆ ಕೈಹಾಕಬೇಡಿ. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ ಖಾಸಗಿ ವ್ಯಕ್ತಿಗೆ ಕೊಡುವ ಅಧಿಕಾರ ಪತ್ರವನ್ನು ವಿದ್ಯುನ್ಮಾನ ದಾಖಲೆಯಾಗಿ ಮಾನ್ಯ ಮಾಡುವುದಿಲ್ಲ, ಕೊಟ್ಟಿರುವ ವಿನಾಯಿತಿ ಆರ್‌ಬಿಐನಂಥ ನಿಯಂತ್ರಕರ ಅಡಿಯಲ್ಲಿರುವ ಸಂಸ್ಥೆಗಳ ಪರವಾದ ಪತ್ರಗಳಿಗೆ ಮಾತ್ರ. 1908ರ ನೋಂದಣಿ ಕಾಯ್ದೆಯ 33ನೇ ಕಲಮು, ಹೊರದೇಶದಲ್ಲಿರುವವರು ನೋಂದಣಿಗೆಂದು ಕೊಡುವ ಅಧಿಕಾರ ಪತ್ರ ನೋಟರಿ, ನ್ಯಾಯಾಲಯ ಅಥವಾ ಭಾರತೀಯ ಕಾನ್ಸುಲ್ ಮುಂತಾದವರ ಮುಂದೆ ಬರೆದುಕೊಟ್ಟು ದೃಢೀಕೃತವಾಗಿರಬೇಕು ಎನ್ನುತ್ತದೆ. ಹ್ಯೂಸ್ಟನ್‌ನಲ್ಲಿ ಭಾರತದ ಕಾನ್ಸುಲೇಟ್ ಇದ್ದೇ ಇದೆಯಲ್ಲ. ಶಾಯಿಯ ಸಹಿ ಹಾಕಿ ಅಲ್ಲಿಯೇ ದೃಢೀಕರಿಸಿ, ಮೂಲ ಪ್ರತಿಯನ್ನೇ ಕಳುಹಿಸಿ. ಅದು ಭಾರತ ತಲುಪಿದ ಮೂರು ತಿಂಗಳೊಳಗೆ ತಮ್ಮ ಅದಕ್ಕೆ ಕರ್ನಾಟಕದ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ತಲುಪಿದ ದಿನಕ್ಕೆ ಪುರಾವೆಯಾಗಿ ಕೊರಿಯರ್ ಲಕೋಟೆಯನ್ನು ಎಸೆಯದೆ ಇಟ್ಟುಕೊಳ್ಳಲು ಅವರಿಗೆ ಹೇಳಿ.