ಸುದ್ದಿಪತ್ರಕ್ಕೆ ಜಾಲತಾಣದ ಓದುಗರನ್ನು ಸೇರಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನನ್ನ ಜಾಲತಾಣದ ಲೇಖನಗಳನ್ನು ಕೊನೆಯವರೆಗೂ ಓದುವವರಿದ್ದಾರೆ, ಆದರೆ ಇಮೇಲ್ ಸುದ್ದಿಪತ್ರಕ್ಕೆ ಸೇರುವವರು ತೀರಾ ವಿರಳ. ಪುಟ ತೆರೆದೊಡನೆ ಪಾಪ್‌ಅಪ್ ಬರುತ್ತದೆ. ಅದರಲ್ಲಿ ಹೆಸರು, ಇಮೇಲ್, ಊರು, ಮೊಬೈಲ್ ಸಂಖ್ಯೆ ಕೇಳಿದ್ದೇನೆ. ಎಲ್ಲಿ ಎಡವಿದ್ದೇನೆ?

ಉತ್ತರ 1: ಒಂದು ಸಾಲನ್ನೂ ಓದದವರ ಮುಂದೆ ಅರ್ಜಿ ಹಿಡಿದರೆ ಅವರು ಮೊದಲು ಹುಡುಕುವುದು ಅದನ್ನು ಮುಚ್ಚುವ ಗುರುತನ್ನೇ. ಲೇಖನ ಮುಗಿಯುವ ಜಾಗದಲ್ಲಿ ಇಮೇಲ್ ವಿಳಾಸವೊಂದನ್ನೇ ಕೇಳಿ. ಮೊಬೈಲ್ ಸಂಖ್ಯೆ ನಿಮಗೇಕೆ? ‘ಚಂದಾದಾರರಾಗಿ’ ಎಂಬ ಒಣ ಪದದ ಬದಲು ‘ಪ್ರತಿ ಸೋಮವಾರ ಒಂದು ಲೇಖನ ಕಳುಹಿಸುತ್ತೇವೆ’ ಎಂದು ಬರೆದರೆ, ತಾವು ಯಾವುದಕ್ಕೆ ಒಪ್ಪುತ್ತಿದ್ದೇವೆ ಎಂಬುದು ಓದುಗರಿಗೆ ತಿಳಿಯುತ್ತದೆ.

ಉತ್ತರ 2: ಮೇಲಿನ ಮಾತು ಸರಿ. ಆದರೆ ಸಂಖ್ಯೆಯ ಬೆನ್ನು ಹತ್ತಿ ವಿಳಾಸಗಳ ಪಟ್ಟಿಯನ್ನು ಮಾತ್ರ ಖರೀದಿಸಬೇಡಿ. ಕೇಳದೆ ಬಂದ ಪತ್ರವನ್ನು ಜನ ಸ್ಪ್ಯಾಮ್ (ಬೇಡದ ಪತ್ರ) ಎಂದು ದೂರುತ್ತಾರೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಸಂದೇಶ ಕಳುಹಿಸುವವರು ಇಂಥ ದೂರುಗಳ ಪ್ರಮಾಣವನ್ನು ಶೇ. 0.3ಕ್ಕಿಂತ ಕಡಿಮೆ ಇರಿಸಬೇಕು, ಒಂದೇ ಕ್ಲಿಕ್‌ನಲ್ಲಿ ಹೊರಹೋಗುವ ಅವಕಾಶ ಕೊಡಬೇಕು ಎಂದು ಜಿಮೇಲ್ 2024ರಲ್ಲಿ ನಿಯಮ ತಂದಿದೆ. ನೋಂದಣಿಯ ನಂತರ ದೃಢೀಕರಣದ ಕೊಂಡಿಯನ್ನು ಕಳುಹಿಸಿದರೆ ತಪ್ಪು ವಿಳಾಸಗಳು ಅಲ್ಲಿಯೇ ಸೋಸಿಹೋಗುತ್ತವೆ.

ಪ್ರಶ್ನೆ ಕೇಳಿದವರು: ಪಾಪ್‌ಅಪ್ ತೆಗೆದಿದ್ದೇನೆ, ಇಮೇಲ್ ಒಂದನ್ನೇ ಉಳಿಸಿಕೊಂಡಿದ್ದೇನೆ. ದೃಢೀಕರಣದ ಪತ್ರದ ಒಕ್ಕಣೆಯನ್ನು ಇಂದು ಬರೆಯುತ್ತೇನೆ.