ಗುಂಪಿನ ಪ್ರಶ್ನೋತ್ತರ: ಎರಿ (ಕಪ್ಪು ಮಣ್ಣಿನ) ಹೊಲಕ್ಕ ಡೀಸೆಲ್ ಹರಿದರ ಏನು ಮಾಡಬೇಕು?

ಚಿತ್ತಾಪುರದ ರೈತ: ಸರ, ಟ್ಯಾಂಕರ್ ಪಲ್ಟಿಯಾಗಿ ಡೀಸೆಲ್ ನಮ್ಮ ತೊಗರಿ ಹೊಲಕ್ಕ ಹರದದ. ಎರಿ ಭೂಮಿ, ಒಂದು ಮೊಳ ತನಕ ಘಾಟು ಹೊಡಿಲತ್ತದ. ಸೋಪಿನ ನೀರಿಲೆ ತೊಳೀಲೇನ್ರಿ?

ಮಣ್ಣು ಶುದ್ಧೀಕರಣ ಎಂಜಿನಿಯರ್: ತೊಳೀಬ್ಯಾಡ್ರಿ. ತೊಳೆಯೋದು ಉಸುಕು, ಗರಸಿಗೆ ನಡೀತದ. ಎರಿಯೊಳಗ ಅರ್ಧದಷ್ಟು ಜೇಡಿ; ಎಣ್ಣಿ ಅದಕ್ಕ ಹತ್ತಿ ರಾಡಿಯಾಗಿ ನಿಲ್ತದ, ತಳಕ್ಕ ಕೂಡೋದಿಲ್ಲ. ಸೋಪು ಹಾಕಿದರ ಡೀಸೆಲ್ ಇನ್ನೂ ಕೆಳಗ ಇಳೀತದ.

ನನಗ ಚಿಂತಿ ಬಿರುಕಿನದು. ಒಣಗಿದ ಎರಿಯ ಬಿರುಕು ಮೂರಡಿ ತನಕ ಹೋಗ್ತಾವ. ಕೆಳಗ ಶಾಬಾದಿ ಕಲ್ಲು (ಪದರು ಪದರಿನ ಸುಣ್ಣದ ಕಲ್ಲು) ಇದ್ದರ ಅದರ ಸಂದಿ ಹಿಡಿದು ಬಾವಿ ಮುಟ್ಟಬಹುದು. ಬಿರುಕಿನ ಗುಂಟ ಅಗದು ನೋಡ್ರಿ. ಹತ್ರ ಬೀಡಿ ಸೇದಬ್ಯಾಡ್ರಿ.

ಮಣ್ಣು ಸಾಗಿಸೋಕಿಂತ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸ್ರಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಾಗ ಕಿಲೋ ಮಣ್ಣಿಗೆ 5,000 ಮಿಲಿಗ್ರಾಂ ಪೆಟ್ರೋಲಿಯಂ ದಾಟಿದರ ಅದು ಅಪಾಯಕಾರಿ ತ್ಯಾಜ್ಯ. ಪರವಾನಗಿ ಸಿಕ್ಕರ ಹೊಲದಾಗೇ ದಪ್ಪ ತಾಡಪತ್ರಿ ಮ್ಯಾಲೆ ಆ ಮಣ್ಣು ಒಂದಡಿ ಹರವಿ ಸುತ್ತ ಒಡ್ಡು ಕಟ್ರಿ. ಮಣ್ಣಿನ ಸೂಕ್ಷ್ಮಾಣುಗಳೇ ಎಣ್ಣಿ ತಿಂತಾವ; ಅವಕ್ಕ ಗಾಳಿ, ಹಸಿ, ಗೊಬ್ಬರ ಬೇಕು. ಗಾಳಿ ಆಡಲಿಕ್ಕೆ ತೊಗರಿ ಕಟ್ಟಿಗಿ ಚೂರು ಕಲಸ್ರಿ. ಹೊಟ್ಟು ಬ್ಯಾಡ, ಲಗೂ ಕೊಳೆತು ಸಾರಜನಕ ತಾನೇ ನುಂಗ್ತದ.

ಲ್ಯಾಬ್ ವರದಿಯೊಳಗ ಕಿಲೋಕ್ಕ 10,000 ಮಿಲಿಗ್ರಾಂ ಬಂತಂದ್ರ ಟನ್ ಮಣ್ಣಿಗೆ 10 ಕಿಲೋ ಎಣ್ಣಿ. ಇಂಗಾಲ, ಸಾರಜನಕ, ರಂಜಕ 100:10:1 ಲೆಕ್ಕಕ್ಕ ಟನ್ನಿಗೆ ಯೂರಿಯಾ ಸುಮಾರು 1.7 ಕಿಲೋ, ಡಿಎಪಿ ಗೊಬ್ಬರ 400 ಗ್ರಾಂ. ಯೂರಿಯಾ ನಾಲ್ಕು ಕಂತಿನಾಗ ಕಲಸ್ರಿ. ಎರಿ ಕ್ಷಾರದ್ದು, ಒಮ್ಮೆಲೆ ಹಾಕಿದರ ಅಮೋನಿಯಾ ಆಗಿ ಹಾರಿ ಹೋಗ್ತದ. ವಾರಕ್ಕೊಮ್ಮೆ ತಿರುವಿ ಹಾಕ್ರಿ. ಮುಷ್ಟಿಯಾಗ ಹಿಂಡಿದರ ಉಂಡಿ ಆಗಬೇಕು, ಬೆರಳ ಸಂದಿ ನೀರು ಇಳೀಬಾರದು.

ಆಳಂದದ ಸದಸ್ಯ: ಫಾರ್ವರ್ಡ್ ಬಂದದ: ಬೆಂಕಿ ಹಚ್ಚಿದರ ಒಂದೇ ದಿನಕ್ಕ ಸ್ವಚ್ಛ!

ಎಂಜಿನಿಯರ್: ಹಚ್ಚಬ್ಯಾಡ್ರಿ. ಮ್ಯಾಲಿಂದು ಸುಡ್ತದ, ಒಳಗಿಂದು ಹಂಗೇ ಉಳೀತದ.

ಬೀದರ್ ಗ್ಯಾರೇಜ್: ನಮ್ಮದು ಕೆಂಪು ಮುರಮು, ಹಳಿ ಎಂಜಿನ್ ಆಯಿಲ್ ಬಿದ್ದದ. ತೊಳೀಬಹುದಾ?

ಎಂಜಿನಿಯರ್: 2 ಮಿಲಿಮೀಟರ್ ಜರಡಿ ಮ್ಯಾಲೆ ಉಳಿದ ಹರಳು ತೊಳೀಬಹುದು. ನೀರು ಚರಂಡಿಗೆ ಬಿಡಬ್ಯಾಡ್ರಿ. ಹಳಿ ಆಯಿಲಿನಾಗ ಲೋಹ ಇರ್ತಾವ, ಅವನ್ನ ಯಾವ ಸೂಕ್ಷ್ಮಾಣುನೂ ತಿನ್ನೋದಿಲ್ಲ.

ಸೇಡಂ ಸದಸ್ಯ: ಸೆಗಣಿ, ಗೋಮೂತ್ರ, ಬೆಲ್ಲದ ಜೀವಾಮೃತ ಸುರೀರಿ, ಸಾಕು.

ಕಲಬುರಗಿ ವಿದ್ಯಾರ್ಥಿ: ಬೆಲ್ಲ ಸಿಕ್ಕರ ಸೂಕ್ಷ್ಮಾಣು ಡೀಸೆಲ್ ಯಾಕ ತಿಂತಾವ್ರಿ? ಟೇರಿ ಸಂಶೋಧನಾ ಸಂಸ್ಥೆಯ ಆಯಿಲ್‌ಝಾಪರ್, ಎಣ್ಣಿ ತಿನ್ನೋ ಸೂಕ್ಷ್ಮಾಣುಗಳ ಪುಡಿ, ಅದಕ್ಕಂತನೇ ಅದ.

ಸೇಡಂ ಸದಸ್ಯ: ಪುಸ್ತಕ ಓದಿ ಹೊಲದ ಮಾತು ಹೇಳಬ್ಯಾಡ ತಮ್ಮ.

ಕಲಬುರಗಿ ವಿದ್ಯಾರ್ಥಿ: ಕಾಕಾ, ನೀವು ಫಾರ್ವರ್ಡ್ ಓದಿ ಹೇಳ್ಲತ್ತೀರಿ.

ಸೇಡಂ ಸದಸ್ಯ: ಹಿರಿಯರ ಮುಂದ ಹಿಂಗ ಮಾತಾಡ್ತಾರೇನು?

ಎಂಜಿನಿಯರ್: ಇಬ್ಬರೂ ಬಿಡ್ರಿ. ಆ ಪುಡಿ ಖರೇನೇ ಅದ, ಆದ್ರ ಗಾಳಿ, ಹಸಿ ಇಲ್ಲಂದ್ರ ಅದೂ ದಂಡ. ಜೀವಾಮೃತ ಪೆಟ್ರೋಲಿಯಂ ಮಣ್ಣಿಗೆ ಮದ್ದಲ್ಲ.

ಚಿತ್ತಾಪುರದ ರೈತ: ಸರ, ಅಗದು ನೋಡಿದೆ. ಬಿರುಕಿನಾಗ ಎರಡೂವರೆ ಅಡಿಗೂ ಘಾಟು ಅದ. ಬಾವಿ ಬಾಜೂಕೇ ಅದ. ನೀರು ಕಾಯಿಸಿ ಕುಡದ್ರ ನಡೀತದಾ?

ಎಂಜಿನಿಯರ್: ಇಲ್ಲ! ಕಾಯಿಸಿದರ ಆವಿ ಅಡಗಿ ಮನಿ ತುಂಬ್ತದ. ಕುಡಿಯೋದು, ದನಕ್ಕ ಕೊಡೋದು ಇವತ್ತೇ ನಿಲ್ಲಿಸ್ರಿ. ಗಾಜಿನ ಬಾಟಲಿ ಬಾಯಿ ತನಕ ತುಂಬಿ, ಗಾಳಿ ಉಳೀದಂಗ ಮುಚ್ಚಿ, ಬರ್ಫದಾಗ ಇಟ್ಟು ಲ್ಯಾಬಿಗೆ ಕಳಸ್ರಿ. ಪಂಪ್ ಚಾಲೂ ಮಾಡಬ್ಯಾಡ್ರಿ, ಡೀಸೆಲ್ ಬಾವಿ ಕಡಿ ಎಳೀತದ.