ಬರೀ ಗ್ಲೂಕೋಸ್ ಕೊಟ್ಟರೆ ಬ್ಯಾಕ್ಟೀರಿಯಾಕ್ಕೆ ವಿಟಮಿನ್ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಮೇಡಂ, ಇ. ಕೋಲೈ ಎಂಬ ಬ್ಯಾಕ್ಟೀರಿಯಾಕ್ಕೆ ಗ್ಲೂಕೋಸ್ ಮತ್ತು ಒಂದಿಷ್ಟು ಲವಣ ಕೊಟ್ಟರೆ ಸಾಕು, ಬೆಳೆಯುತ್ತದೆ ಎಂದು ಓದಿದೆ. ವಿಟಮಿನ್ ಕೊಡಬೇಕಾಗಿಯೇ ಇಲ್ಲವಂತೆ. ಸಕ್ಕರೆಯಿಂದ ವಿಟಮಿನ್ ಆಗೋದು ಹೇಗೆ?

ಉತ್ತರ (ಸೂಕ್ಷ್ಮಜೀವಿ ತಜ್ಞೆ): ತನಗೆ ಬೇಕಾದ ವಿಟಮಿನ್ ಅದೇ ಮಾಡಿಕೊಳ್ಳುತ್ತದೆ. ಅದಕ್ಕೆ ವಿಶೇಷ ಕಚ್ಚಾವಸ್ತು ಏನೂ ಬೇಡ. ಬೇರೆ ಕೆಲಸಕ್ಕೆಂದು ಸಕ್ಕರೆಯಿಂದ ಮಾಡಿಟ್ಟುಕೊಂಡ ಅಣುಗಳಲ್ಲೇ ಸ್ವಲ್ಪ ಈ ಕಡೆ ತಿರುಗಿಸುತ್ತದೆ, ಅಷ್ಟೇ.

ಬಿ2 ನೋಡಿ, ಅಂದರೆ ರೈಬೋಫ್ಲೇವಿನ್. ಶುರು ಜಿಟಿಪಿ ಎಂಬ ಅಣುವಿನಿಂದ. ಆರ್‌ಎನ್‌ಎ ಕಟ್ಟಲು ಬಳಸುವ ಅದೇ ಜಿಟಿಪಿ. ಒಂದು ಕಿಣ್ವ ಅದರ ಉಂಗುರ ಬಿಚ್ಚಿ, ಒಂದು ಕಾರ್ಬನ್ ಕಿತ್ತುಹಾಕುತ್ತದೆ. ಇನ್ನೊಂದು ಕಡೆ ಐದು ಕಾರ್ಬನ್ನಿನ ಸಕ್ಕರೆಯೊಂದರಿಂದ ನಾಲ್ಕು ಕಾರ್ಬನ್ನಿನ ತುಂಡು ತಯಾರಾಗುತ್ತದೆ. ಇವೆರಡೂ ಸೇರಿದರೆ ಲುಮಾಜಿನ್ ಎಂಬ ಅಣು.

ಕೊನೆಯ ಹಂತ ನನಗೆ ತುಂಬಾ ಇಷ್ಟ. ಎರಡು ಲುಮಾಜಿನ್ ಎದುರುಬದುರು ಕೂರುತ್ತವೆ. ಒಂದು ತನ್ನ ನಾಲ್ಕು ಕಾರ್ಬನ್ ಕಳಚಿ ಇನ್ನೊಂದಕ್ಕೆ ಕೊಟ್ಟುಬಿಡುತ್ತದೆ. ಪಡೆದದ್ದು ರೈಬೋಫ್ಲೇವಿನ್ ಆಗುತ್ತದೆ. ಕೊಟ್ಟದ್ದೂ ಸುಮ್ನೆ ಹಾಳಾಗುವುದಿಲ್ಲ. ಹಿಂದಿನ ಹಂತಕ್ಕೆ ಹೋಗಿ ಮತ್ತೆ ನಾಲ್ಕು ಕಾರ್ಬನ್ ಹೊತ್ತು ಬರುತ್ತದೆ. ಬಿ2 ಜಾಸ್ತಿ ಮಾಡುವ ತಳಿಯನ್ನು ಬೆಳೆಸಿದರೆ ಫ್ಲಾಸ್ಕಿನ ದ್ರವವೇ ಹಳದಿಯಾಗುತ್ತದೆ, ಅಳೆಯುವ ಮೊದಲೇ ಗೊತ್ತಾಗಿಬಿಡುತ್ತದೆ.

ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್‌ಗೂ ಜಿಟಿಪಿಯೇ ಮೂಲ. ಅದಕ್ಕೆ ಪಾಬಾ ಎಂಬ ಸಣ್ಣ ಅಣು ಅಂಟಬೇಕು. ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಸಲ್ಫಾ ಔಷಧಿ ನೋಡಲು ಪಾಬಾದ ಹಾಗೇ ಇರುತ್ತದೆ, ಅಂಟಿಸುವ ಕಿಣ್ವ ಮೋಸ ಹೋಗುತ್ತದೆ, ಬ್ಯಾಕ್ಟೀರಿಯಾಕ್ಕೆ ಫೋಲೇಟ್ ಮಾಡಲಾಗುವುದಿಲ್ಲ. ನಮ್ಮ ದೇಹ ಫೋಲೇಟ್ ಮಾಡುವುದೇ ಇಲ್ಲವಲ್ಲ, ಹಾಗಾಗಿ ಆ ಏಟು ನಮಗೆ ಬೀಳುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ಬಿ12 ಕೂಡ ಇಷ್ಟೇ ಸುಲಭವಾ? ನಮ್ಮ ಕರುಳಲ್ಲೇ ಅದನ್ನು ಮಾಡುವ ಬ್ಯಾಕ್ಟೀರಿಯಾ ಇವೆಯಂತೆ. ಮತ್ತೆ ಕೊರತೆ ಯಾಕೆ?

ಉತ್ತರ: ಸುಲಭ ಎಲ್ಲಿ ಬಂತು! ಸುಮಾರು 30 ಹಂತ. ಇ. ಕೋಲೈಗೂ ಪೂರ್ತಿ ಬರುವುದಿಲ್ಲ. ಅಮಿನೋಲೆವುಲಿನಿಕ್ ಆಮ್ಲದ ಎಂಟು ಪುಟ್ಟ ಅಣುಗಳು ಕೂಡಿ ಒಂದು ದೊಡ್ಡ ಉಂಗುರವಾಗುತ್ತದೆ. ರಕ್ತದ ಹೀಮ್, ಎಲೆಯ ಕ್ಲೋರೋಫಿಲ್ ಕೂಡ ಇದೇ ಉಂಗುರದಿಂದ ಕವಲೊಡೆದವು. ಬಿ12ಕ್ಕೆ ಅದರ ನಡುವೆ ಕೋಬಾಲ್ಟ್ ಕೂರಬೇಕು. ಕೆಲವು ಬ್ಯಾಕ್ಟೀರಿಯಾ ಅದನ್ನು ಮೊದಲೇ ಕೂರಿಸುತ್ತವೆ, ಆಮ್ಲಜನಕ ಬಳಸುವ ದಾರಿಯವು ತಡವಾಗಿ. ಲ್ಯಾಬಿನಲ್ಲಿ ಬಿ12 ಮಾಡಿ ಮುಗಿಸಲು ರಸಾಯನ ವಿಜ್ಞಾನಿಗಳಾದ ವುಡ್‌ವರ್ಡ್, ಎಶೆನ್‌ಮೋಸರ್ ತಂಡಗಳಿಗೆ ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು.

ನಿಮ್ಮ ಎರಡನೇ ಪ್ರಶ್ನೆಗೆ: ಆ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ದೊಡ್ಡ ಕರುಳಿನಲ್ಲಿ. ಬಿ12 ಹೀರಿಕೊಳ್ಳುವ ಜಾಗ ಸಣ್ಣ ಕರುಳಿನ ಕೊನೆ, ಅಂದರೆ ಅದಕ್ಕಿಂತ ಮೊದಲೇ. ದೊಡ್ಡ ಕರುಳಿನಲ್ಲಿ ತಯಾರಾದದ್ದು ವಾಪಸ್ ಮೇಲೆ ಬರುವುದಿಲ್ಲ ಅಲ್ವಾ?